ಸಿಲಿಂಡರ್ ಹೊರಗಿದ್ದರೆ ಸಾಲದು, ಗೀಸರ್ ಹೊರಗಿರಬೇಕು

ಮಾನ್ಯ ಸಂಪಾದಕರೇ,

ಚಳಿ ಶುರುವಾಯಿತೆಂದರೆ ಒಂದಲ್ಲ ಒಂದು ಊರಿನಿಂದ ಅದೇ ಸುದ್ದಿ ಬರುತ್ತದೆ. ಸ್ನಾನಕ್ಕೆ ಹೋದವರು ಎಷ್ಟು ಕೂಗಿದರೂ ಬಾಗಿಲು ತೆಗೆಯಲಿಲ್ಲ, ಒಡೆದು ನೋಡಿದರೆ ಜೀವ ಹೋಗಿತ್ತು. ಕಾರಣ, ಗ್ಯಾಸ್ ಗೀಸರ್‌ನಿಂದ ಅನಿಲ ಸೋರಿಕೆ. ಶಿವಮೊಗ್ಗದಲ್ಲಿ ಗ್ಯಾಸ್ ಒಲೆ, ಗೀಸರ್ ರಿಪೇರಿ ಮಾಡಿಕೊಂಡು ಹೊಟ್ಟೆ ಹೊರೆಯುವವನು ನಾನು. 'ಅನಿಲ ಸೋರಿಕೆ' ಎಂಬ ಆ ಮಾತಿನ ಬಗ್ಗೆ ನನ್ನದೊಂದು ತಕರಾರಿದೆ. ಇಂಥ ಸಾವುಗಳಲ್ಲಿ ಹೆಚ್ಚಿನವು ಗ್ಯಾಸ್ ಸೋರಿ ಆದವಲ್ಲ, ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಉರಿದು ಹುಟ್ಟಿದ ವಿಷಾನಿಲದಿಂದ ಆದವು. ಪೈಪು, ವಾಲ್ವ್, ರೆಗ್ಯುಲೇಟರ್ ಎಲ್ಲ ಸರಿಯಿದ್ದೂ ಜನ ಸಾಯುತ್ತಾರೆ.

ಸುದ್ದಿ ಓದಿದವರು ಮರುದಿನ ನನಗೆ ಫೋನ್ ಮಾಡುತ್ತಾರೆ: 'ಲೀಕೇಜ್ ಏನಾದ್ರೂ ಇದೆಯಾ, ಸ್ವಲ್ಪ ನೋಡಿ ಹೋಗಿ'. ಹೋಗಿ ಜಾಯಿಂಟುಗಳಿಗೆಲ್ಲ ಸೋಪಿನ ನೊರೆ ಹಚ್ಚುತ್ತೇನೆ. ಗುಳ್ಳೆ ಏಳುವುದಿಲ್ಲ. ಮನೆಯವರಿಗೆ ನೆಮ್ಮದಿ. ಆದರೆ ಗೀಸರ್ ಡಬ್ಬಿ ಮಾತ್ರ ಬಚ್ಚಲುಮನೆಯೊಳಗೇ, ಶವರ್ ಪಕ್ಕದಲ್ಲಿ ನೇತಾಡುತ್ತಿರುತ್ತದೆ. ಅದರ ಮಾತೆತ್ತಿದರೆ 'ಸಿಲಿಂಡರ್ ಹೊರಗೇ ಇಟ್ಟಿದೀವಲ್ಲ' ಅನ್ನುತ್ತಾರೆ. ನಿಮ್ಮ ವರದಿಗಾರರು ಇಂಥ ಸುದ್ದಿ ಬರೆಯುವಾಗ ಡಬ್ಬಿ ಒಳಗಿತ್ತೋ ಹೊರಗಿತ್ತೋ, ವೆಂಟಿಲೇಟರ್ ತೆರೆದಿತ್ತೋ ಮುಚ್ಚಿತ್ತೋ ಎಂದು ಎರಡು ಸಾಲು ಸೇರಿಸಿದರೆ ಓದುವವರಿಗೆ ಉಪಕಾರವಾದೀತು.

ಸಿಲಿಂಡರ್ ಹೊರಗಿಡುವುದು ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲಕ್ಕೆ ಇಳಿದು ನಿಲ್ಲುತ್ತದೆ. ಅದಕ್ಕೆ ಸ್ವಂತ ವಾಸನೆ ಇಲ್ಲದ್ದರಿಂದ ಮರ್ಕ್ಯಾಪ್ಟನ್ ಎಂಬುದನ್ನು ಬೆರೆಸಿರುತ್ತಾರೆ, ಹಾಗಾಗಿ ಮೂಗಿಗೆ ಬಡಿಯುತ್ತದೆ. ಆದರೆ ಉರಿಯಲ್ಲಿ ಆ ಮರ್ಕ್ಯಾಪ್ಟನ್ನೂ ಸುಟ್ಟುಹೋಗುತ್ತದೆ. ಗಾಳಿ ಸಾಲದೆ ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣೂ ಉರಿಯುವುದಿಲ್ಲ.

ಗಾಳಿ ಎಷ್ಟು ಬೇಕು ಅನ್ನುವುದಕ್ಕೆ ಲೆಕ್ಕ ಇದೆ. ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಮಾಮೂಲಿ ಗೀಸರ್ ಪೂರ್ತಿ ಉರಿಯಲ್ಲಿ ಗಂಟೆಗೆ ಸುಮಾರು 1 ಕೆ.ಜಿ. ಗ್ಯಾಸ್ ತಿನ್ನುತ್ತದೆ. ಅಡುಗೆ ಒಲೆಯ ದೊಡ್ಡ ಬರ್ನರ್ ತಿನ್ನುವುದು 200 ಗ್ರಾಂ ಆಸುಪಾಸು. ಅಂದರೆ ಬಚ್ಚಲಿನಲ್ಲಿ ಐದು ಒಲೆ ಒಟ್ಟಿಗೆ ಹೊತ್ತಿಸಿ ಬಾಗಿಲು ಹಾಕಿಕೊಂಡಂತಾಯಿತು. 1 ಕೆ.ಜಿ. ಗ್ಯಾಸ್ ಸರಿಯಾಗಿ ಉರಿಯಲು 12ರಿಂದ 13 ಘನ ಮೀಟರ್ ಗಾಳಿ ಬೇಕು. ಈಗಿನ ಐದಡಿ ಆರಡಿಯ ಬಚ್ಚಲು, ಎಂಟಡಿ ಎತ್ತರ ಹಿಡಿದರೂ, ಒಳಗಿರುವ ಗಾಳಿ 7 ಘನ ಮೀಟರ್ ತುಂಬುವುದಿಲ್ಲ. ಹತ್ತೇ ನಿಮಿಷದಲ್ಲಿ 2 ಘನ ಮೀಟರ್ ಗಾಳಿಯ ಆಮ್ಲಜನಕವನ್ನು ಉರಿಯೇ ಎಳೆದುಕೊಳ್ಳುತ್ತದೆ. ಒಳಗಿರುವ ಮನುಷ್ಯನೂ ಅದೇ ಗಾಳಿಯನ್ನೇ ಉಸಿರಾಡಬೇಕು. ಮನೆಮಂದಿ ಒಬ್ಬರಾದ ಮೇಲೊಬ್ಬರು ಮೀಯುವ ಹಬ್ಬದ ದಿನ ಏನಾಗುತ್ತದೆ ನೀವೇ ಊಹಿಸಿ. ನರಕ ಚತುರ್ದಶಿಯ ಎಣ್ಣೆಸ್ನಾನದಲ್ಲಿ ಕಡೆಗೆ ಹೋಗುವವರು ಸಾಮಾನ್ಯವಾಗಿ ಮನೆಯ ಹೆಂಗಸರು.

ಕಾರ್ಬನ್ ಮಾನಾಕ್ಸೈಡ್ ಎಂಬ ಈ ವಿಷಾನಿಲ, ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಮೊದಲು ತಲೆನೋವು, ತಲೆ ಸುತ್ತು, ವಾಕರಿಕೆ. ಬಿಸಿನೀರಿನ ಹಬೆಗೆ ಹೀಗಾಯಿತೇನೋ ಅಂದುಕೊಳ್ಳುವಷ್ಟರಲ್ಲಿ ಕಾಲು ಸೋತಿರುತ್ತದೆ. ಬೋಲ್ಟು ಎರಡೇ ಅಡಿ ದೂರ ಇದ್ದರೂ ಕೈ ಎಟುಕುವುದಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಬಾಣಂತಿ ಇರುವ ಮನೆ. ಗೋಪಾಳದ ಕಡೆ ಒಂದು ಮನೆಗೆ 'ಗೀಸರ್ ಪದೇ ಪದೇ ಆಫ್ ಆಗುತ್ತೆ' ಎಂದು ಕರೆದಿದ್ದರು. ವೆಂಟಿಲೇಟರಿನ ಗಾಜಿನ ಪಟ್ಟಿಗಳ ಸಂದಿಗೆಲ್ಲ ಹಳೇ ಸೀರೆ ಹರಿದು ತುರುಕಿದ್ದರು. ಬಾಗಿಲ ಅಡಿಗೆ ಗೋಣಿತಾಟು. ಮುಚ್ಚಳ ಬಿಚ್ಚಿದೆ: ತಾಮ್ರದ ರೆಕ್ಕೆಗಳ ಸಂದಿಯಲ್ಲೆಲ್ಲ ಮಸಿ. ನಲ್ಲಿ ತಿರುಗಿಸಿದರೆ ಉರಿ ನೀಲಿಯಾಗಿ ನೆಟ್ಟಗೆ ನಿಲ್ಲುವುದು ಬಿಟ್ಟು ಹಳದಿಯಾಗಿ ತೂಗಾಡುತ್ತಿತ್ತು. ಎರಡೂ ಗಾಳಿ ಸಾಲದೆ ಅರೆಬರೆ ಉರಿಯುತ್ತಿರುವ ಗುರುತು. ಅಜ್ಜಿಯನ್ನು ಕೇಳಿದೆ. 'ಬಾಣಂತಿಗೆ ಗಾಳಿ ಸೋಕಬಾರದಲ್ವೇನಪ್ಪಾ' ಅಂದರು. ಮೊಮ್ಮಗಳಿಗೆ ದಿನಾ ಹಂಡೆಗಟ್ಟಲೆ ನೀರು ಹುಯ್ಯುತ್ತಿದ್ದರಂತೆ, ಕೂಸನ್ನೂ ಅಲ್ಲೇ ಕಾಲ ಮೇಲೆ ಹಾಕಿಕೊಂಡು ಮೀಯಿಸುತ್ತಿದ್ದರಂತೆ. 'ನಂಗೂ ಯಾಕೋ ಮೂರು ದಿನದಿಂದ ತಲೆಸಿಡಿತ' ಎಂದೂ ಸೇರಿಸಿದರು. ಅವತ್ತೇ ಡಬ್ಬಿ ಇಳಿಸಿ ಹಿತ್ತಲ ಗೋಡೆಗೆ ಹಾಕಿ ಬಂದೆ. ಸೀರೆ ತುಂಡನ್ನು ಅಜ್ಜಿ ತೆಗೆಯಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ಉರಿ ಹೊರಗೆ ಹೋದ ಮೇಲೆ ಅವರ ಗಾಳಿ ಅವರಿಷ್ಟ.

ಹಿಂದೆ ನಮ್ಮ ಮಲೆನಾಡಿನ ಬಚ್ಚಲೊಲೆಗಳೂ ಒಳಗೇ ಉರಿಯುತ್ತಿದ್ದವಲ್ಲ ಎಂದು ಕೇಳುವವರಿದ್ದಾರೆ. ಹಂಚಿನ ಮಾಡಿನ ಸಂದಿಯಿಂದ ಹೊಗೆ ಹೋಗುತ್ತಿತ್ತು. ಹೋಗದಿದ್ದರೆ ಕಣ್ಣು ಉರಿದು ನಾವೇ ಹೊರಗೆ ಓಡುತ್ತಿದ್ದೆವು. ಆರ್‌ಸಿಸಿ ಬಚ್ಚಲಿನಲ್ಲಿ ಆ ಎರಡೂ ಇಲ್ಲ.

ಇನ್ನೊಂದು ಕಾಟ ಟೈಮರ್‌ನದು. ಬಹಳಷ್ಟು ಗೀಸರ್‌ಗಳು 20 ನಿಮಿಷ ಬಿಡದೆ ಉರಿದರೆ ತಾವಾಗಿ ಆರುತ್ತವೆ. 'ಅದೊಂದು ತಲೆನೋವು, ಕಟ್ ಮಾಡಿಬಿಡಣ್ಣಾ' ಎಂದು ಕೇಳುವವರು ಕಮ್ಮಿಯಿಲ್ಲ. ಮಾಡಿಕೊಡುವ ಮೆಕ್ಯಾನಿಕ್‌ಗಳೂ ಊರಲ್ಲಿದ್ದಾರೆ. ನಾನು ಮಾಡುವುದಿಲ್ಲ, ಗಿರಾಕಿ ಹೋದರೆ ಹೋಗಲಿ. ಹಾಗಂತ ಟೈಮರ್ ಇದೆ, ಐಎಸ್‌ಐ ಗುರುತಿದೆ ಎಂದು ಡಬ್ಬಿಯನ್ನು ಒಳಗೆ ಹಾಕಿಸಿಕೊಳ್ಳುವುದೂ ತಪ್ಪು. ಮುಚ್ಚಿದ ಕೋಣೆಯಲ್ಲಿ ತೊಂದರೆಯಾಗಲು 20 ನಿಮಿಷವೇ ಬೇಕೆಂದಿಲ್ಲ. ಎಕ್ಸಾಸ್ಟ್ ಫ್ಯಾನೂ ಅಷ್ಟೇ. ಗಾಳಿ ಒಳಬರಲು ಕೆಳಗೆ ಸಂದಿಯೇ ಇಲ್ಲದಿದ್ದರೆ ಅದು ಹೊರಗೆ ಹಾಕುವುದಾದರೂ ಏನನ್ನು? ಸುಮ್ಮನೆ ಸದ್ದು ಮಾಡುತ್ತಿರುತ್ತದೆ.

ಡಬ್ಬಿ ಹೊರಗೆ ಹಾಕಿಸುವವರೆಗೆ ಕಾಸು ಖರ್ಚಿಲ್ಲದ ದಾರಿ ಒಂದಿದೆ. ಬಾಗಿಲು, ಕಿಟಕಿ ಪೂರ್ತಿ ತೆರೆದಿಟ್ಟು ಬಕೆಟ್ ತುಂಬಿಸಿ, ನೀರೂ ಗ್ಯಾಸೂ ಬಂದ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಒಳಗೆ ಹೋಗಿ. ಶವರ್ ಅಭ್ಯಾಸದವರಿಗೆ ಬೇಜಾರಾಗಬಹುದು, ಆಗಲಿ. ಯಾರಾದರೂ ಒಳಗೆ ಬಿದ್ದಿದ್ದರೆ ಬಾಗಿಲು ಒಡೆದು, ಗ್ಯಾಸ್ ಆರಿಸಿ, ಹೊರಗಿನ ಗಾಳಿಗೆ ಎಳೆದು ತಂದು 108ಕ್ಕೆ ಫೋನ್ ಮಾಡಿ. ಬೇಕಾದದ್ದು ಮಾಸ್ಕಿನ ಮೂಲಕ ಆಮ್ಲಜನಕ. ಕೊರೊನಾ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಬೆರಳಿಗೆ ಸಿಕ್ಕಿಸಿ 98 ಇದೆ ಎಂದು ಸುಮ್ಮನಾಗಬೇಡಿ. ರಕ್ತಕ್ಕೆ ಅಂಟಿದ್ದು ಆಮ್ಲಜನಕವೋ ಈ ವಿಷವೋ ಅದಕ್ಕೆ ಗೊತ್ತಾಗುವುದಿಲ್ಲ. ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿಯುತ್ತಿತ್ತು ಎಂದು ಡಾಕ್ಟರಿಗೆ ಮೊದಲೇ ಹೇಳಿ. ಹೇಳದಿದ್ದರೆ ಫಿಟ್ಸ್ ಎಂದೋ ಬಿಪಿ ಇಳಿದಿದೆ ಎಂದೋ ಹೊತ್ತು ಹೋದೀತು. ನಿಜವಾಗಿಯೂ ಗ್ಯಾಸ್ ಸೋರುವ ವಾಸನೆ ಬಂದರೆ ಅದಕ್ಕೆ ಬೇರೆ ಸಹಾಯವಾಣಿ ಇದೆ: 1906.

ಅಂಗಡಿಯವರಿಗೂ ಒಂದು ಮಾತು. ಫ್ರೀ ಫಿಟ್ಟಿಂಗ್ ಎಂದು ಹುಡುಗರನ್ನು ಕಳಿಸುತ್ತೀರಿ. ಮನೆಯವರು ಎಲ್ಲಿ ಬೆರಳು ತೋರಿಸುತ್ತಾರೋ ಅಲ್ಲಿ ಅವರು ಡ್ರಿಲ್ ಹಾಕುತ್ತಾರೆ. ಎಲ್ಲಿ ಹಾಕಬಾರದು ಎನ್ನುವುದು ಗೀಸರ್ ಬರುವ ಪೆಟ್ಟಿಗೆಯೊಳಗಿನ ಪುಸ್ತಕದಲ್ಲಿ ಇರುತ್ತದೆ, ನಿಜ. ಆದರೆ ನಾನು ಬಿಚ್ಚಿದ ಪೆಟ್ಟಿಗೆಗಳಲ್ಲಿ ಅದು ಇಂಗ್ಲಿಷು, ಹಿಂದಿಯಲ್ಲಿತ್ತೇ ಹೊರತು ಕನ್ನಡದಲ್ಲಿ ಕಂಡಿಲ್ಲ. ಬಾಡಿಗೆಗೆ ಕೊಡುವವರಂತೂ ಹೊರಗೋಡೆಗೆ ಮೊಳೆ ಹೊಡೆಯಲೂ ಬಿಡುವುದಿಲ್ಲ, ಎಲಿವೇಷನ್ ಕೆಡುತ್ತದಂತೆ. ಬಾಡಿಗೆದಾರ ಇನ್ನೇನು ಮಾಡಿಯಾನು, ಒಳಗೇ ತೂಗುಹಾಕುತ್ತಾನೆ. ಕಟ್ಟಡ ಮುಗಿದ ಪ್ರಮಾಣಪತ್ರ ಕೊಡುವ ಮೊದಲು ಪಾಲಿಕೆಯವರು ಗೀಸರ್ ಜಾಗ ಯಾವುದೆಂದು ನೋಡುವಂತಾಗಬೇಕು. ಮಳೆಗೆ ನೆನೆಯದ ಹಾಗೆ ಮೇಲೊಂದು ಸಜ್ಜಾ, ಪಕ್ಕದಲ್ಲೇ ಕಿಟಕಿ ಇರದ ಗೋಡೆ, ಇಷ್ಟಿದ್ದರೆ ಸಾಕು. ಪೈಪು ಉದ್ದವಾದಷ್ಟೂ ಬಿಸಿನೀರು ಬರುವುದು ತಡ ಎಂದು ಗೊಣಗುತ್ತಾರೆ. ಮೊದಲು ಬರುವ ತಣ್ಣೀರನ್ನು ಗಿಡಕ್ಕೆ ಹಾಕಬಹುದು. ಈಗ ಮನೆ ಕಟ್ಟಿಸುತ್ತಿರುವವರು ಗೋಡೆಗೆ ಗಾರೆ ಬೀಳುವ ಮೊದಲೇ ಬಿಸಿನೀರಿನ ಪೈಪನ್ನು ಯುಟಿಲಿಟಿಯ ಹೊರಗೋಡೆವರೆಗೆ ಎಳೆಸಿಟ್ಟುಕೊಳ್ಳಿ. ಟೈಲ್ಸ್ ಹಾಕಿಸಿದ ಮೇಲೆ ಒಡೆಸಲು ಯಾರಿಗೂ ಮನಸ್ಸು ಬರುವುದಿಲ್ಲ.

— ಒಬ್ಬ ಗೀಸರ್ ಮೆಕ್ಯಾನಿಕ್, ವಿನೋಬನಗರ, ಶಿವಮೊಗ್ಗ