ಹೊಗೆಯ ಎತ್ತರವನ್ನೂ ಬರೆಯಿರಿ

ಸಂಪಾದಕರೇ,

2025ರ ನವೆಂಬರ್ 23ರಂದು ಇಥಿಯೋಪಿಯಾದ ಹೈಲಿ ಗುಬ್ಬಿ ಜ್ವಾಲಾಮುಖಿ ಸಿಡಿಯಿತು. ಅದರ ಬೂದಿ ಕೆಂಪು ಸಮುದ್ರ, ಯೆಮೆನ್, ಒಮಾನ್ ದಾಟಿ ಮರುದಿನ ರಾತ್ರಿ ದೆಹಲಿಯವರೆಗೆ ಬಂತು. ಬರೀ ಕಣ್ಣಿಗೆ ಬೂದಿಯೂ ಮೋಡದ ಹಾಗೇ ಕಾಣಬಹುದು, ಆದರೆ ಉಪಗ್ರಹದ ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ ಕಿರಣಗಳ) ಚಿತ್ರದಲ್ಲಿ ಎರಡನ್ನೂ ಬೇರೆ ಮಾಡಬಹುದು, ಜೊತೆಗೆ ಬರುವ ಸಲ್ಫರ್ ಡೈಆಕ್ಸೈಡ್ ಅನಿಲವನ್ನು ಸೆಂಟಿನೆಲ್-5ಪಿಯಂಥ ಉಪಗ್ರಹ ಅಳೆಯುತ್ತದೆ, ಹಾಗಾಗಿಯೇ ವಿಮಾನಗಳಿಗೆ ಮೊದಲೇ ಎಚ್ಚರಿಕೆ ಸಿಕ್ಕಿತು. ನಿಜಕ್ಕೂ ದೊಡ್ಡ ಕೆಲಸ ಇದು.

ಆದರೆ ಪತ್ರಿಕೆಯಲ್ಲಿ ಬಂದ ಆ ಬೂದಿಯ ಬಣ್ಣದ ನಕ್ಷೆಗಳನ್ನು ನೋಡಿದವರು ಸುಮ್ನೆ ಹೆದರಿದರು. ಬೂದಿ ಇದ್ದದ್ದು ಹಲವು ಕಿಲೋಮೀಟರ್ ಮೇಲೆ. ನೆಲದ ಗಾಳಿಯನ್ನು ಅದು ಅಷ್ಟಾಗಿ ಕೆಡಿಸಲಿಲ್ಲ. ಆದರೆ 2023ರ ಜೂನ್‌ನಲ್ಲಿ ಕೆನಡಾದ ಕಾಡ್ಗಿಚ್ಚಿನ ಹೊಗೆ ನೆಲದವರೆಗೂ ಇಳಿದು, ನ್ಯೂಯಾರ್ಕ್ ಆಕಾಶವೇ ಕಿತ್ತಳೆ ಬಣ್ಣಕ್ಕೆ ತಿರುಗಿ, ಜನ ಮಾಸ್ಕ್ ಹಾಕಿಕೊಂಡು ಓಡಾಡಬೇಕಾಯಿತು. ಮೇಲಿನಿಂದ ತೆಗೆದ ಚಿತ್ರದಲ್ಲಿ ಎರಡೂ ಹರಡಿಕೊಂಡ ಮಬ್ಬೇ, ಅಲ್ವಾ?

ಆಸ್ತಮಾ ಇರುವವರು, ಚಿಕ್ಕ ಮಕ್ಕಳಿರುವ ಮನೆಯವರು ಮೊದಲು ನೋಡುವುದೇ ಪತ್ರಿಕೆಯ ಚಿತ್ರ. ಮುಂದೆ ಇಂಥದ್ದನ್ನು ಹಾಕುವಾಗ ಹೊಗೆ ಎಷ್ಟು ಎತ್ತರದಲ್ಲಿದೆ, ಆ ಊರಿನಲ್ಲಿ ಅಂದು ಪಿಎಂ 2.5 (ಉಸಿರಿನ ಜೊತೆ ಒಳಗೆ ಹೋಗುವ ಅತಿ ಸಣ್ಣ ಕಣಗಳು) ಎಷ್ಟಿತ್ತು ಅಂತ ಪಕ್ಕದಲ್ಲೇ ಎರಡು ಸಾಲು ಬರೆಯಿರಿ.

– ಒಬ್ಬ ಓದುಗ, ಹಾಸನ