ಲ್ಯಾಪ್‌ಟಾಪ್ ಬಿಚ್ಚಿಯೂ ನೋಡದೆ ಬರೀ ಫಾರ್ಮ್ಯಾಟ್ ಮಾಡಿ ಕಳಿಸಿದ ಬಗ್ಗೆ ದೂರು

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು,
ಲ್ಯಾಪ್‌ಟಾಪ್ ತಯಾರಿಕಾ ಕಂಪನಿ

ಇವರಿಂದ,
ನಿಮ್ಮ ಒಬ್ಬ ಗ್ರಾಹಕಿ,
ರಾಯಚೂರು

ವಿಷಯ: ವಾರಂಟಿಯಲ್ಲಿರುವ ಲ್ಯಾಪ್‌ಟಾಪ್ ತೀರಾ ನಿಧಾನವಾಗಿರುವುದು, ಫ್ಯಾನ್ ನಿಲ್ಲದೆ ಓಡುತ್ತಿರುವುದು ಮತ್ತು ಮಾಡದ ಕೆಲಸವನ್ನು ಮಾಡಿದ್ದೇವೆಂದು ಜಾಬ್ ಶೀಟ್‌ನಲ್ಲಿ (ರಿಪೇರಿ ವಿವರದ ಹಾಳೆಯಲ್ಲಿ) ಬರೆದಿರುವುದು.

ಮಾನ್ಯರೇ,

ನಾನು ರಾಯಚೂರಿನಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತೇನೆ. ಗಂಜ್‌ನ ಕೆಲವು ದಲಾಲಿ ಅಂಗಡಿಗಳು, ಹತ್ತಿ ಜಿನ್ನಿಂಗ್ ಮಿಲ್ಲುಗಳು, ಒಂದಿಷ್ಟು ಕಿರಾಣಿ ವ್ಯಾಪಾರಿಗಳು, ಇವರೆಲ್ಲರ ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಎಂಟ್ರಿ ಮತ್ತು ಜಿಎಸ್‌ಟಿ ರಿಟರ್ನ್ ನನ್ನ ಕೈಯಲ್ಲೇ ಆಗಬೇಕು. ಈ ಕೆಲಸಕ್ಕೆಂದೇ ಕಳೆದ ದಸರಾ ಹೊತ್ತಿಗೆ ನಿಮ್ಮ ಕಂಪನಿಯ ಲ್ಯಾಪ್‌ಟಾಪ್ ತಗೊಂಡೆ. ಒಂದು ವರ್ಷದ ವಾರಂಟಿ ಇದೆ. ಮೊದಲ ಎರಡು ತಿಂಗಳು ಏನೂ ತೊಂದರೆ ಇರಲಿಲ್ಲ. ಡಿಸೆಂಬರ್‌ನಲ್ಲಿ ಶುರುವಾದ ತೊಂದರೆ ಈಗ ಏಪ್ರಿಲ್ ಬಂದರೂ ಬಗೆಹರಿದಿಲ್ಲ.

ತೊಂದರೆ ಇಷ್ಟೇ. ಲ್ಯಾಪ್‌ಟಾಪ್ ಆನ್ ಮಾಡಿದ ಸ್ವಲ್ಪ ಹೊತ್ತಿಗೇ ಫ್ಯಾನ್ ಜೋರಾಗಿ ತಿರುಗಲು ಶುರುವಾಗುತ್ತದೆ, ಆಫ್ ಮಾಡುವವರೆಗೂ ನಿಲ್ಲುವುದಿಲ್ಲ. ಏನೂ ಕೆಲಸ ಕೊಡದೆ ಸುಮ್ನೆ ಇಟ್ಟರೂ ಅಷ್ಟೇ. ಟ್ಯಾಲಿಯಲ್ಲಿ ದೊಡ್ಡ ಪಾರ್ಟಿಯ ಲೆಡ್ಜರ್ ತೆಗೆದರೆ ಪರದೆ ಅಲ್ಲೇ ನಿಂತುಬಿಡುತ್ತದೆ. ಕೀ ಒತ್ತಿದ ಎಷ್ಟೋ ಹೊತ್ತಿನ ಮೇಲೆ ಅಕ್ಷರ ಮೂಡುತ್ತದೆ. ಕೀಬೋರ್ಡಿನ ಮೇಲ್ಭಾಗ ಕೈ ಇಡಲಾಗದಷ್ಟು ಸುಡುತ್ತದೆ.

ನಿಮ್ಮ ಅಧಿಕೃತ ಸರ್ವೀಸ್ ಸೆಂಟರ್ ರಾಯಚೂರಿನಲ್ಲಿ ಇಲ್ಲ. ಸಿಂಧನೂರು, ಸಿರುಗುಪ್ಪ ದಾಟಿ ಬಳ್ಳಾರಿಗೆ ಹೋಗಬೇಕು. ಹೋಗಿ ಬರುವಷ್ಟರಲ್ಲಿ ಒಂದು ದಿನದ ಕೆಲಸ ಪೂರ್ತಿ ನಿಲ್ಲುತ್ತದೆ. ಆದರೂ ಹೋದೆ. ಕೌಂಟರಿನಲ್ಲಿದ್ದ ಹುಡುಗ ಲ್ಯಾಪ್‌ಟಾಪ್ ಆನ್ ಮಾಡಿ ಒಂದು ನಿಮಿಷ ನೋಡಿದ. 'ವಿಂಡೋಸ್ ಕರಪ್ಟ್ ಆಗಿದೆ ಮೇಡಂ, ಫಾರ್ಮ್ಯಾಟ್ ಮಾಡಬೇಕು' ಅಂದ. ಸಾಫ್ಟ್‌ವೇರ್ ಕೆಲಸ ವಾರಂಟಿಯಲ್ಲಿ ಬರುವುದಿಲ್ಲ ಎಂದು 1,000 ರೂಪಾಯಿ, ಅದರ ಮೇಲೆ 18% ಜಿಎಸ್‌ಟಿ, ಒಟ್ಟು 1,180 ರೂಪಾಯಿ ತಗೊಂಡರು. ಬಿಲ್ ಕೊಟ್ಟಿದ್ದಾರೆ, ಪ್ರತಿ ಈ ಪತ್ರದ ಜೊತೆ ಇಟ್ಟಿದ್ದೇನೆ.

ಫಾರ್ಮ್ಯಾಟ್ ಅಂದರೆ ನಿಮ್ಮವರಿಗೆ ಒಂದು ಬಟನ್ ಒತ್ತುವ ಕೆಲಸ ಇರಬಹುದು. ನನ್ನಂಥವರಿಗೆ ಹಾಗಲ್ಲ. ಡೇಟಾ ಬ್ಯಾಕಪ್ ನನ್ನ ಹತ್ತಿರ ಇತ್ತು, ಅದು ಹೋಗಲಿಲ್ಲ. ಆದರೆ ಟ್ಯಾಲಿ ಲೈಸೆನ್ಸ್ ಸರೆಂಡರ್ ಮಾಡಿಕೊಳ್ಳಲು (ಅಂದರೆ ಈ ಯಂತ್ರದಿಂದ ಬಿಡಿಸಿಕೊಳ್ಳಲು) ನನಗೆ ಒಂದು ಮಾತೂ ಹೇಳದೆ ಎಲ್ಲಾ ಅಳಿಸಿಬಿಟ್ಟಿದ್ದರು. ಲೈಸೆನ್ಸ್ ರೀಸೆಟ್ ಮಾಡಿಸಬೇಕಾಯಿತು. ಡಿಜಿಟಲ್ ಸಹಿಯ ಟೋಕನ್‌ಗೆ ಡ್ರೈವರ್ ಮತ್ತೆ ಹಾಕಬೇಕಾಯಿತು, ಆ ಸಹಿ ಹಾಕಲು ಬೇಕಾದ ಎಮ್‌ಸೈನರ್ ಸಾಫ್ಟ್‌ವೇರ್ ಮತ್ತೆ ಹಾಕಬೇಕಾಯಿತು, ಪ್ರಿಂಟರ್ ಮತ್ತೆ ಜೋಡಿಸಬೇಕಾಯಿತು. ಇಷ್ಟೆಲ್ಲಾ ಮುಗಿಸಿ ಕೂತರೆ ಫ್ಯಾನ್ ಮೊದಲಿನ ಹಾಗೇ ಕೂಗುತ್ತಿತ್ತು.

ಫೋನ್ ಮಾಡಿದೆ. ಹೊಸದಾಗಿ ವಿಂಡೋಸ್ ಹಾಕಿದ ಮೇಲೆ ಅಪ್‌ಡೇಟ್, ಇಂಡೆಕ್ಸಿಂಗ್ ನಡೆಯುತ್ತವೆ, ಒಂದೆರಡು ದಿನ ಹಾಗಿರುತ್ತದೆ ಅಂದರು. ಆ ಮಾತು ಸುಳ್ಳಲ್ಲ. ಅದಕ್ಕೇ ಅಪ್‌ಡೇಟ್ ಎಲ್ಲಾ ಮುಗಿಯಲಿ ಎಂದು ರಾತ್ರಿಯಿಡೀ ಚಾರ್ಜಿಗೆ ಹಾಕಿ ಆನ್ ಇಟ್ಟೆ. ಅಪ್‌ಡೇಟ್ ಮುಗಿದವು. ಫ್ಯಾನ್ ನಿಲ್ಲಲಿಲ್ಲ.

ಆಮೇಲೆ ಪಾಲಿಟೆಕ್ನಿಕ್‌ನಲ್ಲಿ ಓದುವ ನನ್ನ ಚಿಕ್ಕಪ್ಪನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದಾಗಿ ನೋಡಿದೆವು. ನಾವು ಕಂಡಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ನಿಮ್ಮ ಎಂಜಿನಿಯರ್ ಒಬ್ಬರು ಇದನ್ನು ಸಮಾಧಾನವಾಗಿ ಓದಬೇಕು ಎಂಬುದು ನನ್ನ ಮೊದಲ ಕೋರಿಕೆ.

ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದೆವು. ಯಾವ ಪ್ರೋಗ್ರಾಮೂ ತೆರೆಯದೆ ಇದ್ದಾಗ ಪ್ರೊಸೆಸರ್ ಮೇಲೆ 5%ನಷ್ಟೂ ಕೆಲಸ ಇರಲಿಲ್ಲ. ಮೆಮೊರಿ ಅರ್ಧ ಖಾಲಿ ಇತ್ತು. ಡಿಸ್ಕ್ ಸುಮ್ಮನಿತ್ತು. ವೈರಸ್ಸೋ ಯಾವುದೋ ಪ್ರೋಗ್ರಾಮೋ ಒಳಗೆ ಕೂತು ಯಂತ್ರವನ್ನು ದುಡಿಸುತ್ತಿದ್ದರೆ ಅದು ಇಲ್ಲಿ ಕಾಣಬೇಕಿತ್ತು, ಅಲ್ವಾ? ಆದರೂ ಬಿಟ್ಟುಬಿಡದೆ ಸ್ಟಾರ್ಟಪ್‌ನಲ್ಲಿದ್ದ ಪ್ರೋಗ್ರಾಮುಗಳನ್ನೆಲ್ಲ ನಿಲ್ಲಿಸಿದೆವು. ಆಂಟಿವೈರಸ್‌ನಿಂದ ಪೂರ್ತಿ ಸ್ಕ್ಯಾನ್ ಮಾಡಿಸಿದೆವು. ಸೇಫ್ ಮೋಡ್‌ನಲ್ಲಿ ತೆರೆದೆವು. ಚಾರ್ಜರ್ ತೆಗೆದು ಬ್ಯಾಟರಿ ಮೇಲೆ ಓಡಿಸಿದೆವು. ನಿಮ್ಮ ವೆಬ್‌ಸೈಟಿನಲ್ಲಿರುವ ಹೊಸ ಬಯಾಸ್ (ಯಂತ್ರ ಆನ್ ಆಗುವಾಗ ಮೊದಲು ಓಡುವ ಮೂಲ ಪ್ರೋಗ್ರಾಮ್) ಹಾಕಿದೆವು. ಕೊನೆಗೆ ಅವನು ಪೆನ್‌ಡ್ರೈವ್‌ನಿಂದ ಉಬುಂಟು (ವಿಂಡೋಸ್ ಬದಲು ಬಳಸುವ ಬೇರೆ ಆಪರೇಟಿಂಗ್ ಸಿಸ್ಟಮ್) ತೆರೆದು ತೋರಿಸಿದ. ಅಲ್ಲಿ ನಿಮ್ಮ ವಿಂಡೋಸ್‌ನ ಸುಳಿವೇ ಇಲ್ಲ. ಫ್ಯಾನ್ ಮಾತ್ರ ಅದೇ ಸದ್ದು.

ತಾಪಮಾನ ತೋರಿಸುವ ಸಾಫ್ಟ್‌ವೇರ್ ಹಾಕಿ ನೋಡಿದಾಗ ವಿಷಯ ಬೆಳಕಿಗೆ ಬಂತು. ಸುಮ್ಮನಿರುವಾಗಲೇ ಪ್ರೊಸೆಸರ್ 80 ಡಿಗ್ರಿ ಸೆಲ್ಸಿಯಸ್ ಇತ್ತು. ಟ್ಯಾಲಿಯಲ್ಲಿ ವರ್ಷದ ವರದಿ ತೆಗೆದ ಕೂಡಲೇ 97ಕ್ಕೆ ಹಾರಿತು. ಈ ಪ್ರೊಸೆಸರ್‌ಗೆ 100 ಡಿಗ್ರಿ ಕೊನೆಯ ಮಿತಿ. ಅದರ ಹತ್ತಿರ ಬಂದರೆ ಪ್ರೊಸೆಸರ್ ತನ್ನನ್ನು ತಾನು ಉಳಿಸಿಕೊಳ್ಳಲು ವೇಗ ಇಳಿಸಿಕೊಳ್ಳುತ್ತದೆ. ಅದೂ ಕಣ್ಣೆದುರೇ ಕಂಡಿತು. ಟಾಸ್ಕ್ ಮ್ಯಾನೇಜರ್‌ನಲ್ಲಿ ಬೇಸ್ ಸ್ಪೀಡ್ 2.40 ಗಿಗಾಹರ್ಟ್ಸ್ ಎಂದಿದೆ. ವರದಿ ತೆಗೆಯುವಾಗ ಓಡುತ್ತಿದ್ದ ವೇಗ 0.8ಕ್ಕಿಂತ ಕೆಳಗೆ ಬಿದ್ದು ಅಲ್ಲೇ ಉಳಿಯಿತು. ನನ್ನ ಲ್ಯಾಪ್‌ಟಾಪ್ ನಿಧಾನ ಆಗಿರುವುದು ಇದಕ್ಕೇ. ಇದು ಸಾಫ್ಟ್‌ವೇರ್ ತೊಂದರೆ ಅಲ್ಲ, ಬಿಸಿಯ ತೊಂದರೆ. ಇದಕ್ಕೆ ಫಾರ್ಮ್ಯಾಟ್ ಮಾಡುವುದು ಅಂದರೆ ಜ್ವರ ಬಂದವರಿಗೆ ಬಟ್ಟೆ ಬದಲಿಸಿ ಮನೆಗೆ ಕಳಿಸಿದ ಹಾಗೆ.

ಇನ್ನೊಂದು ಮುಖ್ಯ ವಿಷಯ. ಬಿಸಿ ಗಾಳಿ ಹೊರಗೆ ಬರುವ ಎಡಬದಿಯ ಜಾಲರಿಗೆ ಟ್ಯಾಲಿ ಬಿಲ್ಲಿನ ಒಂದು ಚೂರು ಕಾಗದ ಹಿಡಿದೆ. ಕಾಗದ ಪಟಪಟ ಹಾರಿತು. ಅಂದರೆ ಫ್ಯಾನ್ ಚೆನ್ನಾಗಿ ತಿರುಗುತ್ತಿದೆ, ಗಾಳಿಗೆ ಅಡ್ಡಿ ಇಲ್ಲ. ಆದರೆ ಅದೇ ಜಾಗಕ್ಕೆ ಅಂಗೈ ಹಿಡಿದರೆ ಗಾಳಿ ಬರೀ ಉಗುರುಬೆಚ್ಚಗಿತ್ತು. ಒಳಗೆ ಪ್ರೊಸೆಸರ್ 97 ಡಿಗ್ರಿ, ಹೊರಗೆ ಬರುವ ಗಾಳಿ ಉಗುರುಬೆಚ್ಚಗೆ! ಬಿಸಿ ಪ್ರೊಸೆಸರ್‌ನಿಂದ ಬಿಸಿಯನ್ನು ಹೀರಿ ಗಾಳಿಗೆ ಬಿಡುವ ಹೀಟ್ ಸಿಂಕ್‌ವರೆಗೆ ತಲುಪುತ್ತಲೇ ಇಲ್ಲ ಎಂದೇ ಇದರ ಅರ್ಥ. ನಡುವೆ ಬಿಸಿ ದಾಟಿಸಲು ಹಚ್ಚುವ ಥರ್ಮಲ್ ಪೇಸ್ಟ್ ಒಣಗಿರಬಹುದು, ಇಲ್ಲವೇ ಸರಿಯಾಗಿ ಹಚ್ಚಿರಲಿಕ್ಕಿಲ್ಲ. ಹೀಟ್ ಸಿಂಕ್‌ನ ಸ್ಕ್ರೂ ಸಡಿಲ ಇರಬಹುದು. ಬಿಸಿ ಸಾಗಿಸುವ ಹೀಟ್ ಪೈಪೇ ಕೆಟ್ಟಿರಬಹುದು. ಯಾವುದು ಅಂತ ಬಿಚ್ಚಿ ನೋಡಿದವರೇ ಹೇಳಬೇಕು. ನಾನು ಬಿಚ್ಚಲಿಲ್ಲ, ಊರಿನ ರಿಪೇರಿ ಅಂಗಡಿಗೂ ಕೊಡಲಿಲ್ಲ. ಹೊರಗೆ ಬಿಚ್ಚಿಸಿದರೆ ವಾರಂಟಿ ಹೋಗುತ್ತದೆ ಎಂದು ನಿಮ್ಮವರೇ ಎಚ್ಚರಿಸಿದ್ದರು.

ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು, ವಿಡಿಯೋ ಮಾಡಿಕೊಂಡು ಮತ್ತೆ ಬಳ್ಳಾರಿಗೆ ಹೋದೆ. ಹಾಳೆಯನ್ನು ಯಾರೂ ಓದಲಿಲ್ಲ. 8 ಜಿಬಿ ರ್‍ಯಾಮ್ ಸಾಲುವುದಿಲ್ಲ, 16 ಮಾಡಿಸಿ ಅಂದರು. ಅರ್ಧ ಖಾಲಿ ಇರುವ ಮೆಮೊರಿಗೆ ಇನ್ನೊಂದು ರ್‍ಯಾಮ್ ಹಾಕಿದರೆ ಪ್ರೊಸೆಸರ್ ತಣ್ಣಗಾಗುತ್ತದಾ ಎಂದು ಕೇಳಿದೆ. ಉತ್ತರ ಬರಲಿಲ್ಲ. ಒಳಗಿನಿಂದ ಬಂದ ಇನ್ನೊಬ್ಬರು 'ರಾಯಚೂರು ಬಿಸಿಲಲ್ವಾ ಮೇಡಂ, ಅಲ್ಲಿ ಹೀಗೇ ಆಗೋದು. ಹತ್ತಿ ಧೂಳು ಬೇರೆ' ಅಂದರು.

ಈ ಮಾತು ನನಗೆ ನಿಜವಾಗಿಯೂ ನೋವು ಮಾಡಿತು. ರಾಯಚೂರಿನಲ್ಲಿ ಬೇಸಿಗೆಗೆ 40 ಡಿಗ್ರಿ ದಾಟುವುದು ಹೊಸದೇನಲ್ಲ. ನಿಮಗೂ ಗೊತ್ತು, ನನಗೂ ಗೊತ್ತು. ಆದರೆ ತೊಂದರೆ ಶುರುವಾಗಿದ್ದು ಡಿಸೆಂಬರ್‌ನಲ್ಲಿ. ಬೆಳಿಗ್ಗೆ ಸ್ವೆಟರ್ ಹಾಕಿಕೊಂಡು ಕೂತಾಗಲೂ ಫ್ಯಾನ್ ಹೀಗೇ ಓಡುತ್ತಿತ್ತು. ಈಗ ನಾನು ಕೆಲಸ ಮಾಡುವ ಕೋಣೆಯಲ್ಲಿ ಕೂಲರ್ ಇದೆ. 35 ಡಿಗ್ರಿವರೆಗಿನ ಜಾಗದಲ್ಲಿ ಬಳಸಬಹುದು ಎಂದು ನಿಮ್ಮ ಕೈಪಿಡಿಯಲ್ಲಿ ಬರೆದಿದೆ, ನನ್ನ ಕೋಣೆ ಅದನ್ನು ದಾಟುವುದಿಲ್ಲ. ಲ್ಯಾಪ್‌ಟಾಪನ್ನು ಹಾಸಿಗೆ, ದಿಂಬಿನ ಮೇಲೆ ಇಟ್ಟಿಲ್ಲ. ಮರದ ಮೇಜಿನ ಮೇಲೆ, ಕೆಳಗೆ ಗಾಳಿಯಾಡುವ ಹಾಗೆ ಇಟ್ಟಿದ್ದೇನೆ. ನಮ್ಮ ಊರಿನ ಅಂಗಡಿಯಲ್ಲೇ, ನಮ್ಮ ಊರಿನ ದುಡ್ಡಿಗೇ ನಿಮ್ಮ ಲ್ಯಾಪ್‌ಟಾಪ್ ಮಾರಾಟ ಆಗಿದೆ. ಮಾರುವಾಗ ಅಡ್ಡಿಯಾಗದ ಬಿಸಿಲು ರಿಪೇರಿ ಮಾಡುವಾಗ ಮಾತ್ರ ಯಾಕೆ ಅಡ್ಡಿಯಾಗಬೇಕು?

ಧೂಳಿನ ಮಾತಿಗೂ ಉತ್ತರ ಇದೆ. ಮೊಬೈಲ್ ಟಾರ್ಚ್ ಹಾಕಿ ಜಾಲರಿಯೊಳಗೆ ನೋಡಿದ್ದೇನೆ, ಹೀಟ್ ಸಿಂಕ್‌ನ ತಗಡುಗಳ ನಡುವೆ ಬೆಳಕು ಹಾದುಹೋಗುತ್ತದೆ. ಫೋಟೋ ಕೂಡ ಕಳಿಸುತ್ತಿದ್ದೇನೆ.

ಈಗ ಈ ಪತ್ರ ಬರೆಯಲು ಮುಖ್ಯ ಕಾರಣ ಹೇಳುತ್ತೇನೆ. ಎರಡನೇ ಸಲ ಲ್ಯಾಪ್‌ಟಾಪ್ ಕೊಡುವ ಮೊದಲು ಕೆಳಗಿನ ಕವರ್‌ನ ಪ್ರತಿ ಸ್ಕ್ರೂ ಮೇಲೂ ಕೆಂಪು ನೇಲ್ ಪಾಲಿಶ್‌ನ ಸಣ್ಣ ಚುಕ್ಕೆ ಇಟ್ಟಿದ್ದೆ. ಚುಕ್ಕೆಯ ಅರ್ಧ ಸ್ಕ್ರೂ ತಲೆಯ ಮೇಲೆ, ಅರ್ಧ ಕವರ್ ಮೇಲೆ. ಸ್ಕ್ರೂ ಒಂಚೂರು ತಿರುಗಿದರೂ ಚುಕ್ಕೆ ಒಡೆಯಬೇಕು. ಕೊಡುವ ಮೊದಲು ಫೋಟೋ ತೆಗೆದುಕೊಂಡೆ. ಲ್ಯಾಪ್‌ಟಾಪ್ ವಾಪಸ್ ಬಂದಾಗ ಕೌಂಟರಿನಲ್ಲೇ ತಿರುಗಿಸಿ ನೋಡಿದೆ. ಒಂದೇ ಒಂದು ಚುಕ್ಕೆಯೂ ಒಡೆದಿರಲಿಲ್ಲ. ಜಾಬ್ ಶೀಟ್‌ನಲ್ಲಿ ಮಾತ್ರ ಫ್ಯಾನ್ ಸ್ವಚ್ಛ ಮಾಡಲಾಗಿದೆ, ಥರ್ಮಲ್ ಪೇಸ್ಟ್ ಬದಲಾಯಿಸಲಾಗಿದೆ, ಯಂತ್ರ ಸರಿಯಾಗಿದೆ ಎಂದು ಇಂಗ್ಲಿಷಿನಲ್ಲಿ ಬರೆದು ಸೀಲ್ ಹಾಕಿದ್ದರು. ಸ್ಕ್ರೂ ಬಿಚ್ಚದೆ ಥರ್ಮಲ್ ಪೇಸ್ಟ್ ಬದಲಾಯಿಸುವುದು ಹೇಗೆ ಎಂದು ಅಲ್ಲಿದ್ದವರನ್ನು ಕೇಳಿದೆ. ಚುಕ್ಕೆಗಳನ್ನು ತೋರಿಸಿದೆ. ಸಿಸ್ಟಮ್‌ನಲ್ಲಿ ಕಾಲ್ (ಅಂದರೆ ನನ್ನ ದೂರು) ಕ್ಲೋಸ್ ಆಗಿದೆ, ಮತ್ತೆ ಹೊಸ ದೂರು ಹಾಕಿ ಎಂದರು.

ಯಂತ್ರ ಕೆಡುವುದು ತಪ್ಪಲ್ಲ. ಯಾವ ಕಂಪನಿಯದ್ದಾದರೂ ಒಂದೊಂದು ಕೆಡುತ್ತದೆ. ರಿಪೇರಿ ತಡವಾದರೂ ಸಹಿಸಬಹುದು. ಮಾಡದ ಕೆಲಸವನ್ನು ಮಾಡಿದೆವು ಎಂದು ಸೀಲ್ ಹಾಕಿ ಕೊಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ನಾನು ದಿನವೂ ಬೇರೆಯವರ ಲೆಕ್ಕಕ್ಕೆ ಜವಾಬ್ದಾರಿ ಹೊತ್ತು ಕೂರುವವಳು. ಆಗದ ವ್ಯವಹಾರಕ್ಕೆ ನಾನು ಬಿಲ್ ಬರೆದರೆ ಅದನ್ನು ಸುಳ್ಳು ಲೆಕ್ಕ ಅನ್ನುತ್ತಾರೆ. ನಿಮ್ಮ ಜಾಬ್ ಶೀಟ್ ಕೂಡ ಅಂಥದ್ದೇ.

ಇದರಿಂದ ಆಗುತ್ತಿರುವ ನಷ್ಟವನ್ನೂ ಹೇಳಬೇಕು. ತಿಂಗಳ 11ಕ್ಕೆ ಜಿಎಸ್‌ಟಿಆರ್-1, ಅಂದರೆ ಮಾರಾಟದ ವಿವರ, 20ಕ್ಕೆ 3ಬಿ, ಅಂದರೆ ತೆರಿಗೆ ಕಟ್ಟುವ ರಿಟರ್ನ್, ಹೋಗಬೇಕು. 3ಬಿ ಒಂದು ದಿನ ತಡವಾದರೆ ನನ್ನ ಪಾರ್ಟಿಗೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಕಟ್ಟಬೇಕಾದ ತೆರಿಗೆ ಮೇಲೆ ವರ್ಷಕ್ಕೆ 18% ಲೆಕ್ಕದಲ್ಲಿ ಬಡ್ಡಿ. ಅದು ಅವರ ತಪ್ಪಲ್ಲ, ಹಾಗಾಗಿ ಅವರ ಹತ್ತಿರ ಕೇಳಲು ನನಗೆ ಬಾಯಿ ಬರುವುದಿಲ್ಲ. ಕೆಲವು ರಿಟರ್ನ್‌ಗಳನ್ನು ಗೆಳತಿಯ ಅಂಗಡಿಯ ಕಂಪ್ಯೂಟರಿನಲ್ಲಿ ರಾತ್ರಿ ಕೂತು ಹಾಕಿದ್ದೇನೆ. ಹತ್ತಿ ಸೀಸನ್‌ನಲ್ಲಿ ಎರಡು ಪಾರ್ಟಿಗಳ ಕೆಲಸ ಬಿಟ್ಟುಕೊಟ್ಟೆ.

ನನ್ನ ಬೇಡಿಕೆ ದೊಡ್ಡದೇನಲ್ಲ. ಲ್ಯಾಪ್‌ಟಾಪನ್ನು ನನ್ನ ಎದುರಿಗೆ ಬಿಚ್ಚಬೇಕು, ಆಗದಿದ್ದರೆ ಬಿಚ್ಚುವುದನ್ನು ವಿಡಿಯೋ ಮಾಡಿ ಕಳಿಸಬೇಕು. ಹಳೆ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಬೇಕು, ಹೀಟ್ ಸಿಂಕ್ ಕೂತಿರುವುದು ಸರಿಯಿದೆಯೇ ನೋಡಬೇಕು. ಹೀಟ್ ಪೈಪ್ ಅಥವಾ ಫ್ಯಾನ್ ಕೆಟ್ಟಿದ್ದರೆ ಇಡೀ ಭಾಗವನ್ನೇ ವಾರಂಟಿಯಲ್ಲಿ ಬದಲಾಯಿಸಬೇಕು. ಆಮೇಲೆ ಅರ್ಧ ಗಂಟೆ ಪೂರ್ತಿ ಲೋಡ್ ಕೊಟ್ಟು ಓಡಿಸಿ, ಆಗಿನ ತಾಪಮಾನ ಮತ್ತು ವೇಗವನ್ನು ಜಾಬ್ ಶೀಟ್‌ನಲ್ಲಿ ಅಂಕಿ ಸಮೇತ ಬರೆಯಬೇಕು. 'ಸರಿಯಾಗಿದೆ' ಎಂಬ ಒಂದು ಪದ ನನಗೆ ಸಾಲುವುದಿಲ್ಲ. ಇಷ್ಟಾದರೂ ಸರಿಯಾಗದಿದ್ದರೆ ಬೇರೆ ಲ್ಯಾಪ್‌ಟಾಪ್ ಕೊಡಬೇಕು. ಬೇಡದ ಫಾರ್ಮ್ಯಾಟ್‌ಗೆ ತಗೊಂಡ 1,180 ರೂಪಾಯಿ ವಾಪಸ್ ಕೊಡಬೇಕು. ಡಿಸೆಂಬರ್‌ನಿಂದ ರಿಪೇರಿ ಆಗುವ ದಿನದವರೆಗಿನ ಅವಧಿಯನ್ನು ವಾರಂಟಿಗೆ ಸೇರಿಸಬೇಕು. ಆ ಜಾಬ್ ಶೀಟ್ ಬರೆದದ್ದು ಹೇಗೆ ಎಂದು ವಿಚಾರಿಸಿ ನನಗೆ ಲಿಖಿತವಾಗಿ ತಿಳಿಸಬೇಕು. ಕೌಂಟರಿನ ಹುಡುಗನ ಕೆಲಸ ತೆಗೆಯಿರಿ ಎಂದು ನಾನು ಕೇಳುತ್ತಿಲ್ಲ. ಅವನಿಗೆ ದಿನಕ್ಕೆ ಎಷ್ಟು ಕಾಲ್ ಕ್ಲೋಸ್ ಮಾಡಬೇಕೆಂದು ಮೇಲಿನಿಂದ ಒತ್ತಡ ಇದ್ದರೆ ಅದನ್ನು ಸರಿಮಾಡುವುದು ನಿಮ್ಮ ಕೆಲಸ.

ಈ ಪತ್ರ ತಲುಪಿದ 15 ದಿನದೊಳಗೆ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಅಲ್ಲೂ ಆಗದಿದ್ದರೆ ಗ್ರಾಹಕರ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಲು ಈ ಕಾಯ್ದೆಯಲ್ಲಿ ಅವಕಾಶ ಇದೆ. ಹಾಗಾಗಿ ಅದಕ್ಕೆ ನಾನು ಬಳ್ಳಾರಿಗೂ ಬರಬೇಕಿಲ್ಲ, ನಿಮ್ಮ ಮುಖ್ಯ ಕಚೇರಿ ಇರುವ ಊರಿಗೂ ಹೋಗಬೇಕಿಲ್ಲ. ಅಷ್ಟು ದೂರ ಹೋಗುವ ಆಸೆ ನನಗಿಲ್ಲ. ಲ್ಯಾಪ್‌ಟಾಪ್ ಸರಿಯಾದರೆ ಸಾಕು.

ಖರೀದಿ ಬಿಲ್, ಎರಡೂ ಜಾಬ್ ಶೀಟ್, 1,180 ರೂಪಾಯಿ ಬಿಲ್, ಚುಕ್ಕೆಗಳ ಮೊದಲಿನ ಮತ್ತು ನಂತರದ ಫೋಟೋ, ತಾಪಮಾನದ ವಿಡಿಯೋ ಎಲ್ಲವನ್ನೂ ಜೊತೆಗೆ ಕಳಿಸಿದ್ದೇನೆ. ಚುಕ್ಕೆಗಳನ್ನು ಇನ್ನೂ ಅಳಿಸಿಲ್ಲ, ನಿಮ್ಮ ಎಂಜಿನಿಯರ್ ಬಂದು ನೋಡಬಹುದು. ಬರುವುದಾದರೆ ತಿಂಗಳ 20 ಕಳೆದ ಮೇಲೆ ಬರಲಿ. ಅದಕ್ಕಿಂತ ಮುಂಚೆ ನಿಧಾನ ಆದರೂ ಇದೇ ಲ್ಯಾಪ್‌ಟಾಪಿನಲ್ಲಿ ರಿಟರ್ನ್ ಹಾಕಬೇಕಿದೆ. ಫೋನ್ ಮಾಡುವವರು ಕನ್ನಡದಲ್ಲಿ ಮಾತಾಡುವವರಾಗಿರಲಿ.

ಇಂತಿ ತಮ್ಮ ವಿಶ್ವಾಸಿ,
(ಸಹಿ)
ರಾಯಚೂರು