ಟೀಚರ್‌ಗೆ ಸನ್ಮಾನ ಮಾಡುವ ಮೊದಲು

ಗೆಳೆಯಾ,

ಟೀಚರ್ ಸನ್ಮಾನಕ್ಕೆ ಒಂದು ಮಾನಪತ್ರ ಬರೆದುಕೊಡು ಅಂತ ನೀನು ಕೇಳಿ ಹತ್ತು ದಿನ ಆಯಿತು. ಮೂರು ಸಲ ಬರೆದೆ, ಮೂರು ಸಲವೂ ಹರಿದು ಹಾಕಿದೆ. ತ್ಯಾಗಮಯಿ, ಆದರ್ಶ ಶಿಕ್ಷಕಿ ಅಂತೆಲ್ಲ ಬರೆದು ಓದಿ ನೋಡಿದರೆ ಅದು ಯಾರಿಗೆ ಬೇಕಾದರೂ ಹೊಂದುತ್ತದೆ, ನಮ್ಮ ಟೀಚರ್ ಒಬ್ಬರನ್ನು ಬಿಟ್ಟು. ಅದಕ್ಕೇ ಈ ಕಾಗದ. ಜೊತೆಗೆ ಓದಿದವರೆಲ್ಲ ನೋಡಲಿ ಅಂತ ಇಲ್ಲೇ ಹಾಕುತ್ತಿದ್ದೇನೆ, ಬೇಜಾರು ಮಾಡ್ಕೋಬೇಡ.

ಒಂಬತ್ತನೇ ಕ್ಲಾಸಿನ ನೀತಿ ಪಾಠದ ಪೀರಿಯಡ್ ನೆನಪಿದೆಯಾ? ವಾರಕ್ಕೆ ಒಂದೇ ಒಂದು, ಅದೂ ಶುಕ್ರವಾರ ಕೊನೆಗೆ. ಬೇರೆಯವರೆಲ್ಲ ಆ ಹೊತ್ತಿನಲ್ಲಿ ಗಣಿತದ ಬಾಕಿ ಮುಗಿಸಿಕೊಳ್ಳುತ್ತಿದ್ದರು. ಇವರು ಮಾತ್ರ 1891ರಲ್ಲಿ ಪೋಪ್ ಹದಿಮೂರನೇ ಲಿಯೋ ಬರೆದ ಪತ್ರವೊಂದನ್ನು ಹಿಡಿದುಕೊಂಡು ಬಂದಿದ್ದರು. ರೇರುಮ್ ನೊವಾರುಮ್ ಅಂತ ಅದರ ಲ್ಯಾಟಿನ್ ಹೆಸರು. ಕೇಳಿದ್ದೇ ತಡ, ನೀನು ಅದನ್ನು ನನಗೆ ಅಡ್ಡಹೆಸರು ಮಾಡಿಬಿಟ್ಟೆ, ವರ್ಷವಿಡೀ 'ಲೋ ನೊವಾರುಮ್' ಅಂತಲೇ ಕರೆದೆ.

ಕಾರ್ಖಾನೆಗಳಲ್ಲಿ ಹೆಂಗಸರು, ಮಕ್ಕಳು ಕೂಡ ದಿನವಿಡೀ ದುಡಿಯುತ್ತಿದ್ದ ಕಾಲದ ಪತ್ರ ಅದು. ಟೀಚರ್ ನಮಗೆ ಓದಿ ಹೇಳಿದ್ದು ಒಂದೇ ಪ್ಯಾರಾ. ಕೆಲಸಗಾರ ತಾನೇ ಒಪ್ಪಿಕೊಂಡ ಅಂದ ಮಾತ್ರಕ್ಕೆ ಆ ಕೂಲಿ ನ್ಯಾಯದ ಕೂಲಿ ಆಗುವುದಿಲ್ಲ, ಬೇರೆ ದಾರಿ ಇಲ್ಲದೆ, ಇದಕ್ಕಿಂತ ಕೆಟ್ಟದ್ದು ಬಂದೀತು ಅಂತ ಹೆದರಿ ಒಪ್ಪಿಕೊಂಡಿದ್ದರೆ ಅದು ಬಲವಂತ, ಅನ್ಯಾಯ ಅಂತ ಅದರಲ್ಲಿದೆ. ನೀನು ಎದ್ದು ನಿಂತು, "ಒಪ್ಕೊಂಡ್ಮೇಲೆ ಮುಗೀತಲ್ಲ ಟೀಚರ್?" ಅಂದೆ. ಅವರು ಉತ್ತರ ಕೊಡಲಿಲ್ಲ. ಈ ರೂಮು ಗುಡಿಸುವವರ ಹೆಸರೇನು ಅಂತ ಕೇಳಿದರು.

ಒಬ್ಬರಿಗೂ ಗೊತ್ತಿರಲಿಲ್ಲ. ಆಯಾ, ಅಷ್ಟೇ.

ಸೋಮವಾರದೊಳಗೆ ಹೆಸರು ಕೇಳಿಕೊಂಡು ಬನ್ನಿ ಅಂತ ಹೋಂವರ್ಕ್ ಕೊಟ್ಟರು. ನಾವು ನಾಲ್ಕು ಜನ ಹೋಗಿ ಕೇಳಿದರೆ ಆಯಮ್ಮ ಗಾಬರಿಯಾಗಿ, ಯಾರಾದರೂ ದೂರು ಹೇಳಿದರಾ ಅಂತ ಪೊರಕೆ ಹಿಂದೆ ಇಟ್ಟುಕೊಂಡರು. ಆ ಮುಖ ಈಗಲೂ ಕಣ್ಣ ಮುಂದಿದೆ. ಆಮೇಲೆ ಮಾತಿಗೆ ಮಾತು ಬೆಳೆದು ಗೊತ್ತಾಯಿತು, ಹನ್ನೆರಡು ವರ್ಷದಿಂದ ಇಲ್ಲೇ ಕೆಲಸ, ವರ್ಷಕ್ಕೆ ಎರಡು ತಿಂಗಳು ದೊಡ್ಡ ರಜೆಯಲ್ಲಿ ಮಾತ್ರ ಸಂಬಳ ಇಲ್ಲ. ಟೀಚರ್ ಭಾಷಣ ಮಾಡಲಿಲ್ಲ. ಬೋರ್ಡಿನ ಮೇಲೆ ಹನ್ನೆರಡನ್ನು ಎರಡರಿಂದ ಗುಣಿಸಿ, 24 ಅಂತ ಬರೆದು, ಸುತ್ತ ಒಂದು ಸೊನ್ನೆ ಸುತ್ತಿ ಸುಮ್ನೆ ನಿಂತರು. ಎರಡು ವರ್ಷದ ಸಂಬಳ. ಬೆಲ್ ಹೊಡೆದರೂ ಯಾರೂ ಬ್ಯಾಗ್ ಎತ್ತಿಕೊಳ್ಳಲಿಲ್ಲ.

ಮುಂದಿನ ವರ್ಷ ಅವರಿಗೆ ಮೂರನೇ ಕ್ಲಾಸು ಕೊಟ್ಟರು. ನಮಗೆ ಆಗ ಅದು ಯಾಕೆ ಅಂತ ಹೊಳೆಯಲೇ ಇಲ್ಲ ಅಲ್ವಾ? ನಿವೃತ್ತಿಯಾದ ಮೇಲೆ ಒಮ್ಮೆ ಅವರ ಮನೆಗೆ ಹೋಗಿದ್ದಾಗ ನಾನು ಕೆದಕಿ ಕೆದಕಿ ಕೇಳಿದೆ. ಅವರು ಎದ್ದು ಹೋಗಿ ಒಂದು ಹಳೇ ಫೈಲ್ ತಂದರು. ರಜೆಯ ಸಂಬಳ ಕೇಳಿ ಆಡಳಿತದವರಿಗೆ ಬರೆದ ಅರ್ಜಿಯ ಕಾರ್ಬನ್ ಕಾಪಿಗಳು. ತಿಂಗಳಿಗೆ ಒಂದು. ಒಂದೇ ಒಕ್ಕಣೆ, ತಾರೀಕು ಮಾತ್ರ ಬೇರೆ. ನಾನು ಎಣಿಸಿದೆ, 31 ಇದ್ದವು. ಮೂವತ್ತೆರಡನೇದು ಬರೆಯುವ ಮೊದಲೇ ಸಂಬಳ ಬಂತಂತೆ. "ನನ್ನ ಅರ್ಜಿ ಓದಿಯೇ ಕೊಟ್ರೋ, ಕಾಟ ತಾಳಲಾರದೆ ಕೊಟ್ರೋ ಗೊತ್ತಿಲ್ಲಪ್ಪ" ಅಂತ ನಕ್ಕರು.

ಅವರ ಸಿಡುಕೂ ಕಡಿಮೆಯದಲ್ಲ, ಅದನ್ನೂ ಹೇಳಬೇಕು. ಈಸ್ಟರ್ ಹಬ್ಬಕ್ಕೆ ಮೊದಲಿನ ನಲವತ್ತು ದಿನದ ತಪಸ್ಸು ಕಾಲದಲ್ಲಿ ಬಡವರಿಗೆ ಅಂತ ಡಬ್ಬಿಯಲ್ಲಿ ದುಡ್ಡು ಕೂಡಿಸುತ್ತಿದ್ದೆವಲ್ಲ, ಜಾಸ್ತಿ ಹಾಕಿದ ಕ್ಲಾಸಿಗೆ ಬಹುಮಾನ ಅಂತ ಯಾರೋ ಘೋಷಿಸಿದಾಗ ಸ್ಟಾಫ್ ರೂಮಿನಿಂದ ಕೇಳಿಬಂದ ಅವರ ದನಿ ಮರೆಯೋ ಹಾಗೇ ಇಲ್ಲ. ಡಬ್ಬಿ ಬೇಡ ಅಂತ ಅವರೇನೂ ಹೇಳಿದವರಲ್ಲ. ಪ್ರತಿ ವರ್ಷ ಅದೇ ಓಣಿಯವರಿಗೇ ಯಾಕೆ ಕೊಡಬೇಕಾಗಿ ಬರುತ್ತದೆ ಅಂತ ಕೇಳಿ ಅನ್ನುತ್ತಿದ್ದರು. ನಾವು ಯಾರೂ ಕೇಳಲಿಲ್ಲ, ಅದು ಬೇರೆ ಮಾತು.

ಮಾರ್ಚ್ 24 ಬಂದರೆ ಆಸ್ಕರ್ ರೊಮೆರೋ ಕಥೆ ಖಾಯಂ. ಮಧ್ಯ ಅಮೆರಿಕದ ಎಲ್ ಸಾಲ್ವಡೋರ್‌ನ ಆರ್ಚ್‌ಬಿಷಪ್. ಜನರನ್ನು ಕೊಲ್ಲುವ ಆಜ್ಞೆ ಪಾಲಿಸಬೇಡಿ ಅಂತ ಸೈನಿಕರಿಗೆ ಪ್ರವಚನದಲ್ಲೇ ಹೇಳಿದರು, ಮಾರನೇ ದಿನ, 1980ರ ಮಾರ್ಚ್ 24ರ ಸಂಜೆ, ಆಸ್ಪತ್ರೆಯ ಚಾಪೆಲ್‌ನಲ್ಲಿ ಬಲಿಪೂಜೆ, ಅಂದರೆ ಮಾಸ್, ಮಾಡುತ್ತಿದ್ದಾಗಲೇ ಗುಂಡಿಟ್ಟು ಕೊಂದರು. 2018ರಲ್ಲಿ ಅವರನ್ನು ಸಂತರೆಂದು ಘೋಷಿಸಿದಾಗ ನಾನು ಖುಷಿಯಿಂದ ಟೀಚರ್‌ಗೆ ಫೋನ್ ಮಾಡಿದೆ. ಅವರಿಗೂ ಖುಷಿಯೇ. ಆದರೆ, "ಇನ್ನು ಫೋಟೋ ಹಾಕಿ ಮೊಂಬತ್ತಿ ಹಚ್ಚಿಬಿಡ್ತಾರೆ ನೋಡು, ಅವರು ಹೇಳಿದ್ದು ಮರೆತೇ ಹೋಗುತ್ತೆ" ಅಂದರು. ನಿನ್ನ ಸನ್ಮಾನದ ಸುದ್ದಿ ಕೇಳಿದಾಗಿನಿಂದ ಅದೇ ಮಾತು ತಲೆಯಲ್ಲಿ ಕೊರೆಯುತ್ತಿದೆ ಮಾರಾಯ. ಮಾನಪತ್ರ ಹರಿದದ್ದೂ ಅದಕ್ಕೇ.

2025ರ ಮೇ ತಿಂಗಳಲ್ಲಿ ಹೊಸ ಪೋಪ್ ಹದಿನಾಲ್ಕನೇ ಲಿಯೋ ಅಂತ ಹೆಸರು ಇಟ್ಟುಕೊಂಡರಲ್ಲ. ಆ ಹಳೇ ಲಿಯೋ ಕೂಲಿಕಾರರ ಬಗ್ಗೆ ಬರೆದ ಪತ್ರವೇ ಅದಕ್ಕೆ ಮುಖ್ಯ ಕಾರಣ ಅಂತ ಅವರೇ ಹೇಳಿದರು. ಅವತ್ತು ಟೀಚರ್ ಫೋನ್ ಮಾಡಿ, ಹಲೋ ಕೂಡ ಅನ್ನದೆ, "ಏನೋ ನೊವಾರುಮ್, ಕೇಳಿದ್ಯಾ?" ಅಂದರು. ನೀನಿಟ್ಟ ಅಡ್ಡಹೆಸರು ಅವರಿಗೂ ಗೊತ್ತಿತ್ತು ಕಣೋ, ಇಷ್ಟು ವರ್ಷ!

ನಾನು ಬರುತ್ತೇನೆ. ಮಾತಾಡು ಅಂದರೆ ಮಾತೂ ಆಡುತ್ತೇನೆ, ಬೋರ್ಡಿನ ಮೇಲೆ ಬರೆದ ಆ 24ರ ಕಥೆ ಹೇಳುತ್ತೇನೆ. ಆಯಮ್ಮ ಎಲ್ಲಿದ್ದಾರೆ ಅಂತ ವಿಚಾರಿಸು, ಸಿಕ್ಕರೆ ಮುಂದಿನ ಸಾಲಿನಲ್ಲಿ ಕೂರಿಸೋಣ, ಈ ಸಲ ಹೆಸರು ಹಿಡಿದೇ ಕರೆಯೋಣ. ಕಾರ್ಯಕ್ರಮ ಭಾನುವಾರ ಅಂದೆಯಲ್ಲ, ಹಾಲ್ ಗುಡಿಸಿ ಕುರ್ಚಿ ಹಾಕುವವರಿಗೆ ಅವತ್ತು ರಜೆ ಇರಬೇಕು. ಅವರಿಗೆ ಎಷ್ಟು ಕೊಡುತ್ತಿದ್ದೀರಿ ಅಂತ ಈಗಲೇ ತಿಳಿದುಕೊಂಡಿರು. ಟೀಚರ್ ಒಳಗೆ ಕಾಲಿಟ್ಟ ಕೂಡಲೇ ಕೇಳೋದು ಅದನ್ನೇ.

ನಿನ್ನ,
ನೊವಾರುಮ್